ಸಂತಾನಾಂಬುಜದ ಮೊದಲ ದಳಗಳು: ಮೈಸೂರು ಅರಸುಮನೆತನದ ಆದಿಪುರುಷರ ಪ್ರಶ್ನೆ

ಮೈಸೂರಿನ ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳಲ್ಲಿ ‘ಸಂತಾನಾಂಬುಜ’ ಎಂಬ ವಂಶಚಿತ್ರವೊಂದಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಈ ಕಲ್ಪನೆಯಲ್ಲಿ ಮೈಸೂರು ಅರಸರ ಸಂತತಿಯು ಅರಳಿದ ತಾವರೆಯ ರೂಪವನ್ನು ಪಡೆದಿದೆ. ಅದರ ಯಾವ ದಳದ ಮೇಲೂ ‘ಬಹುಶಃ’ ಎಂಬ ಗುರುತಿಲ್ಲ. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು ಎಷ್ಟು ನಿಶ್ಚಿತವೋ, 1399ರಲ್ಲಿ ದ್ವಾರಕೆಯಿಂದ ಬಂದರೆನ್ನಲಾದ ಯದುರಾಯರೂ ಅಲ್ಲಿ ಅಷ್ಟೇ ನಿಶ್ಚಿತ. ಚಿತ್ರಕ್ಕೆ ಇದು ದೋಷವಲ್ಲ. ಚಿತ್ರವು ಸಾಕ್ಷ್ಯವನ್ನು ತೂಗಲು ಹುಟ್ಟಿದ್ದಲ್ಲ. ಆದರೆ ಅದೇ ಸಮಾನ ನಿಶ್ಚಯವು ಪಠ್ಯಪುಸ್ತಕಗಳಿಗೆ, ಪ್ರಬಂಧಗಳಿಗೆ, ಸಂಶೋಧನ ಗ್ರಂಥಗಳಿಗೆ ಇಳಿದು ಬಂದಾಗ ಅದು ದೋಷವೇ ಆಗುತ್ತದೆ. ಅನಿಶ್ಚಿತ ಪೂರ್ವಿಕನನ್ನು ಅನಿಶ್ಚಿತನೆಂದೇ ಬರೆಯುವುದು ಸಂಶೋಧಕನ ಸೋಲಲ್ಲ, ಅವನ ಮೊದಲ ಕರ್ತವ್ಯ. ಈ ಮಾತನ್ನು ಪರೀಕ್ಷಿಸಲು ಮೈಸೂರಿಗಿಂತ ಉತ್ತಮ ಉದಾಹರಣೆ ಕನ್ನಡನಾಡಿನಲ್ಲಿ ವಿರಳ.

ರೂಢಿಯಲ್ಲಿರುವ ಪಟ್ಟಿ ಸರ್ವವಿದಿತ: ಯದುರಾಯ (1399–1423), ಹಿರಿಯ ಬೆಟ್ಟದ ಚಾಮರಾಜ (1423–1459), ತಿಮ್ಮರಾಜ (1459–1478), ಹಿರಿಯ ಚಾಮರಾಜ (1478–1513), ಮತ್ತೊಬ್ಬ ಹಿರಿಯ ಬೆಟ್ಟದ ಚಾಮರಾಜ (1513–1553), ಇಮ್ಮಡಿ ತಿಮ್ಮರಾಜ (1553–1572), ಅನಂತರ ಬೋಳ ಚಾಮರಾಜ. ಇದರ ಎದುರಿಗೆ ಸಮಕಾಲೀನ ದಾಖಲೆಗಳನ್ನು ಇರಿಸಿ ನೋಡಬೇಕು. ಒಡೆಯರು ತಾವಾಗಿ ಹೊರಡಿಸಿದ ಶಾಸನಗಳಲ್ಲಿ ಇದುವರೆಗೆ ದೊರೆತ ಮೊದಲನೆಯದೆಂದು ಇತಿಹಾಸಕಾರರು ಗಣಿಸುವುದು 1551ರ ಶಾಸನವನ್ನು. ಅದು ಇಮ್ಮಡಿ ತಿಮ್ಮರಾಜರ ಕಾಲದ್ದು. ಕನ್ನಡ ಸಾಹಿತ್ಯದಲ್ಲಿ ಈ ಮನೆತನದ ಅಸಂದಿಗ್ಧವಾದ ಉಲ್ಲೇಖವು ವಿಜಯನಗರದ ಅಚ್ಯುತದೇವರಾಯನ ಆಳ್ವಿಕೆಗಿಂತ (1529–1542) ಹಿಂದಕ್ಕೆ ಹೋಗುವುದಿಲ್ಲ. ಎಂದರೆ, 1399ರಿಂದ ಕನಿಷ್ಠ 130 ವರ್ಷಗಳ ಕಾಲದ ಅರಸರನ್ನು ಕುರಿತು ಇಂದು ಹೇಳುವುದೆಲ್ಲವೂ ಅವರ ನಂತರದವರು ಹೇಳಿದ್ದು.

1551ರ ಶಾಸನವೇ ಇನ್ನೊಂದು ಸೂಕ್ಷ್ಮವನ್ನು ಮುಂದಿಡುತ್ತದೆ. ಪಟ್ಟಿಯ ಪ್ರಕಾರ ಇಮ್ಮಡಿ ತಿಮ್ಮರಾಜರ ಆಳ್ವಿಕೆ ಆರಂಭವಾಗುವುದು 1553ರಲ್ಲಿ. ಶಾಸನವು ಹೆಸರನ್ನು ಸಮರ್ಥಿಸುತ್ತದೆ, ವರ್ಷವನ್ನು ಪ್ರಶ್ನಿಸುತ್ತದೆ. ತಂದೆ ಬದುಕಿರುವಾಗಲೇ ಮಗನಿಗೆ ಅಧಿಕಾರ ಬಂದಿರಬಹುದು, ಅಥವಾ ಪಟ್ಟಿಯ ವರ್ಷವೇ ತಪ್ಪಿರಬಹುದು. ವ್ಯತ್ಯಾಸ ಎರಡೇ ವರ್ಷದ್ದು. ಆದರೆ ಪಟ್ಟಿಯು ಕಲ್ಲಿಗೆ ಮುಖಾಮುಖಿಯಾದ ಮೊದಲ ಗಳಿಗೆಯಲ್ಲೇ ತಿದ್ದುಪಡಿಯನ್ನು ಬೇಡುತ್ತಿದ್ದರೆ, ಕಲ್ಲೇ ಇಲ್ಲದ ಕಾಲದಲ್ಲಿ ಅದರ ವರ್ಷಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಯೋಚಿಸಬೇಕಾದ ಸಂಗತಿ.

ಸರಳ ಲೆಕ್ಕವೊಂದು ಇಲ್ಲಿ ನೆರವಾಗುತ್ತದೆ. 1399ರಿಂದ 1553ರವರೆಗಿನ 154 ವರ್ಷಗಳನ್ನು ಪಟ್ಟಿಯು ಐವರು ದೊರೆಗಳಿಗೆ ಹಂಚಿದೆ. ಸರಾಸರಿ ಒಬ್ಬೊಬ್ಬರಿಗೆ ಸುಮಾರು 31 ವರ್ಷ. ದಾಖಲೆಗಳ ಬೆಳಕು ಚೆನ್ನಾಗಿ ಬಿದ್ದಿರುವ 1578ರಿಂದ 1704ರವರೆಗಿನ 126 ವರ್ಷಗಳಲ್ಲಿ ಆಳಿದವರು ಆರು ಮಂದಿ. ಸರಾಸರಿ 21 ವರ್ಷ. ಮೊದಲ ಕಾಲದಲ್ಲಿ ಪಟ್ಟವು ತಂದೆಯಿಂದ ಮಗನಿಗೆ ನೇರವಾಗಿ ಇಳಿಯುತ್ತ ಹೋಗುತ್ತದೆ. ಎರಡನೆಯ ಕಾಲದಲ್ಲಿ ಮೊಮ್ಮಗ, ದಾಯಾದಿ, ಸೋದರನ ಮಗ ಹೀಗೆ ಪಟ್ಟವು ಮನೆಯೊಳಗೆಲ್ಲ ಸುತ್ತುತ್ತದೆ. 31 ವರ್ಷದ ಸರಾಸರಿ ಅಸಾಧ್ಯವೇನಲ್ಲ. ಆದರೆ ದಾಖಲೆ ಇರುವಲ್ಲೆಲ್ಲ ವಂಶ ವಕ್ರವಾಗಿಯೂ, ದಾಖಲೆ ಇಲ್ಲದಲ್ಲಿ ಮಾತ್ರ ನೇರವಾಗಿಯೂ ಇದ್ದರೆ, ಆ ನೇರತನವು ಚರಿತ್ರೆಯದ್ದೋ ಪಟ್ಟಿಯನ್ನು ಜೋಡಿಸಿದವರದ್ದೋ ಎಂಬ ಸಂದೇಹ ಸಹಜ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಈ ತೊಡಕನ್ನು ಹೆಚ್ಚಿಸುತ್ತದೆ. ಚಾಮರಾಜ, ತಿಮ್ಮರಾಜ ಎಂಬ ಎರಡೇ ಹೆಸರು ಮರಳಿ ಮರಳಿ ಬರುವಾಗ, ಇಬ್ಬರು ಒಬ್ಬನಾಗಿ ಸೇರಿಹೋಗುವುದೂ ಒಬ್ಬನೇ ಇಬ್ಬರಾಗಿ ಒಡೆಯುವುದೂ ಲಿಪಿಕಾರನ ಕೈಯಲ್ಲಿ ಸುಲಭ.

ಹಾಗಾದರೆ ದ್ವಾರಕೆಯ ಕಥೆ ಎಲ್ಲಿಂದ ಬಂತು? ಅದಕ್ಕೆ ಸುಭದ್ರವಾದ ಸಾಹಿತ್ಯರೂಪ ದೊರೆತದ್ದು 17ನೆಯ ಶತಮಾನದ ಉತ್ತರಾರ್ಧದಲ್ಲಿ, ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿ. ಮಂತ್ರಿಯೂ ಕವಿಯೂ ಆಗಿದ್ದ ತಿರುಮಲಾರ್ಯನ ‘ಚಿಕದೇವರಾಜ ವಂಶಾವಳಿ’ ಯದುಕುಲವನ್ನು ಮೈಸೂರಿಗೆ ತಂದು ನಿಲ್ಲಿಸುತ್ತದೆ. ಆ ಹೊತ್ತಿಗೆ ವಿಜಯನಗರದ ಪ್ರಭುತ್ವ ಅಸ್ತಮಿಸಿತ್ತು. ಹಿಂದೊಮ್ಮೆ ಕೆಲವೇ ಹಳ್ಳಿಗಳ ಪಾಳೆಯಗಾರರಾಗಿದ್ದವರು ದೊಡ್ಡ ರಾಜ್ಯವನ್ನು ಆಳುತ್ತಿದ್ದರು. ರಾಜ್ಯ ಹೊಸದು, ಸಿಂಹಾಸನಕ್ಕೆ ಹಳೆಯ ಬೇರು ಬೇಕಿತ್ತು. 19ನೆಯ ಶತಮಾನದಲ್ಲಿ ಕಾರಣ ಬದಲಾಯಿತು, ಅಗತ್ಯ ಬದಲಾಗಲಿಲ್ಲ. 1799ರಲ್ಲಿ ಬಾಲಕ ಕೃಷ್ಣರಾಜರನ್ನು ಪಟ್ಟಕ್ಕೆ ಕೂರಿಸಿದ ಬ್ರಿಟಿಷರಿಗೂ ತಾವು ಪ್ರಾಚೀನ ಮನೆತನವೊಂದನ್ನು ಪುನಃಸ್ಥಾಪಿಸಿದೆವೆಂದು ತೋರಿಸುವುದು ಬೇಕಾಗಿತ್ತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ತನ್ನ ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದಾಗ, ವಿಜಯ ಮತ್ತು ಕೃಷ್ಣ ಎಂಬ ಯಾದವ ಸೋದರರ ಕಥೆ ಇಂಗ್ಲಿಷಿನಲ್ಲಿಯೂ ನೆಲೆಗೊಂಡಿತು. 1831ರಲ್ಲಿ ಮುಮ್ಮಡಿಯವರ ಕೈಯಿಂದ ಆಡಳಿತ ತಪ್ಪಿತು. ಅವರಿಗೆ ಔರಸ ಉತ್ತರಾಧಿಕಾರಿ ಇರಲಿಲ್ಲ. 1865ರಲ್ಲಿ ದತ್ತು ಸ್ವೀಕರಿಸಿದರು. ಮುಂದಿನ ಕೊಂಡಿ ಉಳಿಯುವುದೋ ಇಲ್ಲವೋ ಎಂಬ ಆತಂಕದ ದಶಕಗಳಲ್ಲಿ ಹಿಂದಿನ ಕೊಂಡಿಗಳೆಲ್ಲ ತಾವರೆಯ ದಳಗಳಾಗಿ ಅರಳಿದವು. ಸಂತಾನಾಂಬುಜವು 15ನೆಯ ಶತಮಾನಕ್ಕೆ ಸಾಕ್ಷಿಯಾಗಲಾರದು. ತನ್ನದೇ ಕಾಲದ ಆತಂಕಕ್ಕೆ ಮಾತ್ರ ಅದು ಅಮೂಲ್ಯವಾದ ಸಾಕ್ಷಿ.

ಇದು ಭಾರತೀಯರಿಗೆ ಇತಿಹಾಸಪ್ರಜ್ಞೆ ಇರಲಿಲ್ಲವೆಂಬ ಹಳೆಯ ಆರೋಪಕ್ಕೆ ಪುಷ್ಟಿಯಲ್ಲ. ಮೈಸೂರು ಸೀಮೆಯ ಕೈಫಿಯತ್ತುಗಳನ್ನೂ ವಂಶಾವಳಿಗಳನ್ನೂ ಶಾಸನಗಳ ಪ್ರತಿಗಳನ್ನೂ ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿಯ (1754–1821) ಮನೆತನವನ್ನೇ ನೋಡಬಹುದು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ ಹುಟ್ಟಿದ ಅವನ ಹೆಸರಿನಲ್ಲಿರುವ ಮೆಕೆಂಜಿ ಕುಲಕ್ಕೂ ದೂರದಿಂದ ಬಂದ ಆದಿಪುರುಷನೊಬ್ಬನಿದ್ದನು. ಐರ್ಲೆಂಡಿನ ಕುಲೀನ ವಂಶದ ಕಾಲಿನ್ ಫಿಟ್ಜ್‌ಜೆರಾಲ್ಡ್ ಎಂಬವನು 1263ರ ಲಾರ್ಗ್ಸ್ ಕದನದಲ್ಲಿ ಸ್ಕಾಟ್ಲೆಂಡಿನ ದೊರೆಯ ಪರವಾಗಿ ಹೋರಾಡಿ, 1266ರ ಸನ್ನದಿನ ಮೂಲಕ ಕಿಂಟೇಲ್ ಪ್ರದೇಶವನ್ನು ಪಡೆದನೆಂದು ಆ ಕುಲದ ಕಥೆ. ಈ ಕಥೆ ಪ್ರಚಾರಕ್ಕೆ ಬಂದದ್ದು 17ನೆಯ ಶತಮಾನದಲ್ಲಿ, ಮೆಕೆಂಜಿಗಳು ಅರ್ಲ್ ಪದವಿಗೇರಿ ಪ್ರಬಲರಾಗಿದ್ದಾಗ. ಅದನ್ನು ಎತ್ತಿಹಿಡಿದವರಲ್ಲಿ ಕ್ರೊಮಾರ್ಟಿಯ ಮೊದಲ ಅರ್ಲ್ ಜಾರ್ಜ್ ಮೆಕೆಂಜಿ (1630–1714) ಪ್ರಮುಖ. ಅವನು ಚಿಕ್ಕದೇವರಾಜರ ಸಮಕಾಲೀನ. 19ನೆಯ ಶತಮಾನದಲ್ಲಿ ವಿಲಿಯಮ್ ಸ್ಕೀನ್ 1467ರ ಗೇಲಿಕ್ ಹಸ್ತಪ್ರತಿಯ ವಂಶಾವಳಿಯನ್ನು ಮುಂದಿಟ್ಟು, ಮೆಕೆಂಜಿಗಳು ಆ ಬೆಟ್ಟನಾಡಿನವರೇ ಆದ ಗೇಲಿಕ್ ಕುಲದವರೆಂದೂ ಐರಿಷ್ ಪೂರ್ವಿಕ ಅನಂತರದ ಸೇರ್ಪಡೆಯೆಂದೂ ವಾದಿಸಿದನು. ಪರಸ್ಪರ ಪರಿಚಯವೇ ಇಲ್ಲದ ಎರಡು ನಾಡುಗಳಲ್ಲಿ ಒಂದೇ ಶತಮಾನದಲ್ಲಿ ಒಂದೇ ಬಗೆಯ ಕಥೆ: ದೂರದ ಕುಲೀನ, ಒಂದು ಕಾಳಗ, ಬಹುಮಾನವಾಗಿ ಬಂದ ನೆಲ. ಬೆಳೆದ ಮನೆತನಕ್ಕೆ ಸ್ಥಳೀಯ ಪೂರ್ವಿಕ ಸಾಲದಾಗುತ್ತಾನೆ ಎಂಬುದೇ ಇದರ ತಾತ್ಪರ್ಯ.

ಅರಮನೆಯನ್ನು ಪ್ರಶ್ನಿಸುವ ಸಂಶೋಧಕ ಬಸದಿಯನ್ನು ಬಿಟ್ಟುಬಿಡುವಂತಿಲ್ಲ. ಯದುರಾಯರ ಆಗಮನಕ್ಕೆ ಹೇಳಲಾಗುವ 1399ಕ್ಕೆ ಒಂದೇ ವರ್ಷ ಮೊದಲು, 1398ರಲ್ಲಿ, ಶ್ರವಣಬೆಳಗೊಳದ ಸಿದ್ಧರ ಬಸದಿಯ ಕಂಬದ ಮೇಲೆ ಅರ್ಹದ್ದಾಸನ ದೀರ್ಘವಾದ ಕಾವ್ಯಶಾಸನ ಕೆತ್ತಲ್ಪಟ್ಟಿತು. 1432ರಲ್ಲಿ ಮಂಗರಾಜನ ಇನ್ನೊಂದು ಶಾಸನ. ಎರಡರಲ್ಲೂ ವಿಸ್ತಾರವಾದ ಗುರುಪರಂಪರೆಗಳಿವೆ. ಇವುಗಳ ತೇದಿ ಖಚಿತ, ಕಲ್ಲು ಕಣ್ಣೆದುರಿಗಿದೆ. ಆದರೂ 1398ರ ಕಲ್ಲು 1398ರ ಸುತ್ತಲಿನ ಆಚಾರ್ಯರಿಗೆ ಸಾಕ್ಷಿ. ಅದಕ್ಕೆ ಸಾವಿರ ವರ್ಷ ಹಿಂದಿನ ಆಚಾರ್ಯರ ವಿಷಯದಲ್ಲಿ ಅದು ಹೇಳುವುದು ಪರಂಪರೆಯ ನೆನಪು. ಕಲ್ಲಿನ ಮೇಲಿದೆ ಎಂಬ ಮಾತ್ರಕ್ಕೆ ನೆನಪು ಸಾಕ್ಷ್ಯವಾಗುವುದಿಲ್ಲ.

ಚಂದ್ರಗಿರಿಯ ಪ್ರಸಿದ್ಧವಾದ ಮೊದಲ ಶಾಸನ ಇದಕ್ಕಿಂತ ಗಹನವಾದ ಉದಾಹರಣೆ. ಸುಮಾರು ಕ್ರಿ.ಶ. 600ರ ಈ ಶಾಸನ ಭದ್ರಬಾಹು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡದ್ದನ್ನೂ ಸಂಘವು ದಕ್ಷಿಣಕ್ಕೆ ನಡೆದದ್ದನ್ನೂ ಹೇಳಿ, ಕಟವಪ್ರದಲ್ಲಿ ಪ್ರಭಾಚಂದ್ರ ಎಂಬ ಆಚಾರ್ಯರ ಸಮಾಧಿಮರಣವನ್ನು ಉಲ್ಲೇಖಿಸುತ್ತದೆ. ಈ ಪ್ರಭಾಚಂದ್ರರೇ ಮೌರ್ಯ ಚಂದ್ರಗುಪ್ತನೇ ಎಂಬ ಪ್ರಶ್ನೆಯ ಮೇಲೆ ಬಿ. ಎಲ್. ರೈಸ್ ಮತ್ತು ಜೆ. ಎಫ್. ಫ್ಲೀಟ್ ನಡುವೆ ನಡೆದ ವಾದ ಸಂಶೋಧಕರಿಗೆ ಪರಿಚಿತ. ರೈಸ್ ಪರಂಪರೆಯನ್ನು ಒಪ್ಪಿದರು. ಶಾಸನದ ಪಾಠದಿಂದ ಅದು ಸಿದ್ಧವಾಗದೆಂದು ಫ್ಲೀಟ್ ಆಕ್ಷೇಪಿಸಿದರು. ಘಟನೆಗೂ ಬರಹಕ್ಕೂ ನಡುವೆ ಸುಮಾರು ಒಂಬತ್ತು ಶತಮಾನಗಳ ಅಂತರವಿದೆ. ಪರಂಪರೆ ಶ್ರದ್ಧೆಗೆ ಯೋಗ್ಯವಾದದ್ದು. ಆದರೆ ಇಬ್ಬರು ಹೆಸರಿನವರನ್ನು ಒಬ್ಬನೆಂದು ಗುರುತಿಸುವಾಗ ಬೇಕಾದ ಎಚ್ಚರ ಶ್ರದ್ಧೆಯಿಂದ ಬರುವುದಿಲ್ಲ, ಪಾಠವನ್ನು ಅಕ್ಷರಶಃ ಓದುವುದರಿಂದ ಬರುತ್ತದೆ. ಈ ನಿಯಮವನ್ನು ತನ್ನ ಪರಂಪರೆಗೆ ಅನ್ವಯಿಸದವನಿಗೆ ಅನ್ಯರ ವಂಶಾವಳಿಯನ್ನು ಪರೀಕ್ಷಿಸುವ ಅಧಿಕಾರವಿಲ್ಲ.

ಇಲ್ಲಿ ಎದುರಾಗುವ ಇನ್ನೊಂದು ಅತಿರೇಕವನ್ನೂ ಹೇಳಬೇಕು. ಶಾಸನವಿಲ್ಲ, ಆದ್ದರಿಂದ ಯದುರಾಯರಿಂದ ತೊಡಗಿ ಎಲ್ಲರೂ ಕಲ್ಪಿತರು ಎಂದು ತಳ್ಳಿಹಾಕುವುದು ಅಷ್ಟೇ ಅಶಾಸ್ತ್ರೀಯ. ನಾಲ್ಕಾರು ಹಳ್ಳಿಗಳ ಒಡೆಯನೊಬ್ಬ ಕಲ್ಲು ನೆಡದೆ ಬದುಕಿ ಸತ್ತಿರುವುದು ಆಶ್ಚರ್ಯವಲ್ಲ. ಶಾಸನದ ಅಭಾವ ವ್ಯಕ್ತಿಯ ಅಭಾವವನ್ನು ಸಾಧಿಸುವುದಿಲ್ಲ. ಅದು ನಿಶ್ಚಯದ ಅಭಾವವನ್ನು ಮಾತ್ರ ತಿಳಿಸುತ್ತದೆ. ಕಥನಗಳೊಳಗೆ ಯಾವ ಅಂಶ ಯಾರಿಗೆ ಉಪಯೋಗ ಎಂದು ಕೇಳಿಕೊಂಡರೆ ಕೆಲವು ಕಾಳುಗಳಾದರೂ ತೂರಿ ಉಳಿಯುತ್ತವೆ. ಪಟ್ಟಿಯ ಹಿರಿಯ ಚಾಮರಾಜರಿಗೆ ‘ಆರ್ಬೆರಳ’ ಎಂಬ ಅಡ್ಡಹೆಸರಿದೆ. ಮುಂದೆ ಬರುವವರು ‘ಬೋಳ’ ಚಾಮರಾಜ. ಆರನೆಯ ಬೆರಳನ್ನೂ ಬೋಳುತಲೆಯನ್ನೂ ವೈಭವಕ್ಕಾಗಿ ಯಾವ ಆಸ್ಥಾನಕವಿಯೂ ಕಲ್ಪಿಸುವುದಿಲ್ಲ. ಜನರ ಬಾಯಲ್ಲಿ ಉಳಿದ ಇಂಥ ಗುರುತುಗಳು ಸೂರ್ಯಚಂದ್ರವಂಶದ ಬಿರುದುಗಳಿಗಿಂತ ನಂಬಿಕೆಗೆ ಹತ್ತಿರ.

ಅದೇ ಬಗೆಯಲ್ಲಿ ದ್ವಾರಕೆಯ ಕಥೆಯ ಸ್ಥಳೀಯ ಅಂಶಗಳನ್ನು ನೋಡಬೇಕು. ಕಥೆಯ ಮುಖ್ಯ ಘಟನೆ ನಡೆಯುವುದು ದ್ವಾರಕೆಯಲ್ಲಲ್ಲ, ಹದಿನಾಡಿನಲ್ಲಿ. ಅದನ್ನು ಇಂದಿನ ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದೊಡನೆ ಗುರುತಿಸಲಾಗಿದೆ. ಅಲ್ಲಿನ ಒಡೆಯನಿಲ್ಲದ ಮನೆ, ಆ ಮನೆಯ ಮಗಳನ್ನು ಬೇಡುವ ಕಾರುಗಹಳ್ಳಿಯ ಮಾರನಾಯಕ, ನೆರವಿಗೆ ಬರುವ ಜಂಗಮ, ಮಾರನಾಯಕನ ವಧೆ, ಕೊನೆಗೆ ಆ ಮಗಳು ದೇವಾಜಮ್ಮಣ್ಣಿಯ ವಿವಾಹ. ಕಥೆಯನ್ನು ಅದರ ಮಾತಿನಲ್ಲಿಯೇ ಓದಿದರೂ ನೆಲ ಬಂದದ್ದು ಹೆಣ್ಣಿನ ಮೂಲಕ. ವರ ಎಲ್ಲಿಂದ ಬಂದವನಾದರೂ ನಾಡು ಆಕೆಯ ತವರಿನದು. ಆದರೂ ವಂಶಾವಳಿಗಳಲ್ಲಿ ಆಕೆ ಯದುರಾಯರ ಪತ್ನಿ ಮಾತ್ರ. ಆಕೆಯ ತಂದೆ, ಅಜ್ಜ, ಆ ಮನೆಯ ಹಿಂದಿನ ತಲೆಮಾರುಗಳು ಯಾವ ದಳದಲ್ಲೂ ಇಲ್ಲ. ದ್ವಾರಕೆಯ ಪೂರ್ವಿಕನನ್ನು ಪಡೆಯಲು ತೆತ್ತ ಬೆಲೆ ಹದಿನಾಡಿನ ಪೂರ್ವಿಕರು. ಮಾರನಾಯಕನ ಗತಿಯೂ ಅಂಥದ್ದೇ. ಗೆದ್ದವರ ಕಥೆಯಲ್ಲಿ ಅವನು ಕೀಳು ಕುಲದ ದುರಾಸೆಯವನು. ಅವನ ಕಡೆಯ ಮಾತನ್ನು ಹೇಳುವ ವಂಶಾವಳಿಯೇ ಉಳಿದಿಲ್ಲ. ಆದಿಪುರುಷನ ಪ್ರಶ್ನೆ ಕೇವಲ ಒಂದು ಇಸವಿಯ ಪ್ರಶ್ನೆಯಲ್ಲ. ಯಾರನ್ನು ನೆನೆಯಲು ಯಾರನ್ನು ಮರೆಯಲಾಯಿತು ಎಂಬುದು ಅದರೊಳಗಿನ ನಿಜವಾದ ಪ್ರಶ್ನೆ.

ಸಂದೇಹ ಪರಿಹಾರವಾಗುವುದು ಹೇಗೆಂಬುದಕ್ಕೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪಂಪನಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಪಂಪ ತನ್ನ ಪೂರ್ವಿಕರನ್ನು ಕಾವ್ಯದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಅದನ್ನು ಕವಿಯ ಆತ್ಮಪ್ರಶಂಸೆಯೆಂದು ಶಂಕಿಸುವವನಿಗೂ ಅವಕಾಶವಿತ್ತು. ಆದರೆ ಇಂದಿನ ತೆಲಂಗಾಣದ ಕುರ್ಕ್ಯಾಲದ ಬಳಿಯ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನ ಬೆಳಕಿಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಸಂಸ್ಕೃತ, ಕನ್ನಡ, ತೆಲುಗು ಮೂರೂ ಇರುವ ಆ ಶಾಸನದಲ್ಲಿ ತಂದೆ ಭೀಮಪಯ್ಯನ ಹೆಸರಿದೆ. ತಾಯಿ ಅಬ್ಬಣಬ್ಬೆಯ ಹೆಸರು ತಿಳಿಯಿತು. ಒಂದು ಕಾವ್ಯ, ಒಂದು ಕಲ್ಲು, ಒಂದನ್ನು ನೋಡಿ ಇನ್ನೊಂದನ್ನು ಬರೆದದ್ದಲ್ಲ, ಎರಡೂ ಸಮಕಾಲೀನ. ಇಂಥ ಎರಡು ಸ್ವತಂತ್ರ ಸಾಕ್ಷಿಗಳು ಕೂಡಿದಾಗ ಮಾತ್ರ ವಂಶದ ಕೊಂಡಿ ಬಿಗಿಯಾಗುತ್ತದೆ. ಒಂದನ್ನೊಂದು ನಕಲು ಮಾಡಿದ ಹತ್ತು ವಂಶಾವಳಿಗಳು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಯದುರಾಯರ ವಿಷಯದಲ್ಲಿ ಗ್ರಂಥಗಳ ಸಂಖ್ಯೆಯನ್ನು ಆಧಾರಗಳ ಸಂಖ್ಯೆಯೆಂದು ಎಣಿಸುವವರು ಮರೆಯುವುದು ಇದನ್ನೇ.

ಅರಸರಿಗೆ ಅನ್ವಯಿಸುವ ನಿಯಮ ಸಾಮಾನ್ಯ ಮನೆತನಗಳಿಗೂ ಅನ್ವಯಿಸುತ್ತದೆ. ಕನ್ನಡನಾಡಿನ ಒಕ್ಕಲು ಮನೆಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿದವರು ಹೆಳವರು. ಎತ್ತಿನೊಡನೆ ಗಂಟೆಯ ಸದ್ದಿನಲ್ಲಿ ಊರಿಗೆ ಬಂದು, ಮನೆಯ ಮುಂದೆ ನಿಂತು, ಹಿರಿಯರ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ದವಸ ಪಡೆದು ಹೋಗುವ ಈ ಸಮುದಾಯದ ನೆನಪು ಅರಮನೆಯ ವಂಶಾವಳಿಗಿಂತ ಕೀಳಲ್ಲ. ಅದರ ರಚನೆಯೂ ಅದೇ ಬಗೆಯದು. ಇತ್ತೀಚಿನ ತಲೆಮಾರುಗಳು ಹೆಳವರು ಬಂದು ಕೇಳಿ ಸೇರಿಸಿಕೊಂಡವು. ಅದಕ್ಕೂ ಹಿಂದಿನವು ಕೇಳಿ ಬಂದವು. ಮೂಲಪುರುಷನು ಬಹುಪಾಲು ಕಥೆಯವನು. ಈ ಮೂರು ಪದರಗಳನ್ನು ಬೇರೆಬೇರೆಯಾಗಿ ಬರೆದುಕೊಂಡರೆ ಹೆಳವರ ಪುಸ್ತಕಗಳು ಸಾಮಾಜಿಕ ಇತಿಹಾಸಕ್ಕೆ ದೊಡ್ಡ ಆಕರ. ಒಟ್ಟಾಗಿ ನಂಬಿದರೂ ಒಟ್ಟಾಗಿ ತಳ್ಳಿದರೂ ನಷ್ಟವೇ. ಸ್ಕಾಟ್ಲೆಂಡಿನಲ್ಲಿ ಉಳಿದಿರುವ ಅತಿ ಹಳೆಯ ಪ್ಯಾರಿಷ್ ದಾಖಲೆ ಎರಲ್ ಊರಿನದು, 1553ರಿಂದ ತೊಡಗುತ್ತದೆ. ಅದಕ್ಕೆ ಹಿಂದಿನ ಸಾಮಾನ್ಯ ಒಕ್ಕಲಿಗನ ಪೂರ್ವಿಕರನ್ನು ಅಲ್ಲಿಯೂ ಹುಡುಕಿ ಹಿಡಿಯುವುದು ಬಹುತೇಕ ಅಸಾಧ್ಯ. ಕಾಗದ ಮುಗಿದಲ್ಲಿ ವಂಶವೂ ಮುಗಿಯುವ ಆ ನಾಡಿಗಿಂತ, ಕಾಗದವಿಲ್ಲದೆಯೂ ಹೆಸರು ಹೇಳುವವರಿದ್ದ ಈ ನಾಡು ಬಡವಾಗಿರಲಿಲ್ಲ. ಇಲ್ಲಿ ಕೊರತೆಯಾಗಿರುವುದು ಆ ಹೆಸರುಗಳ ತೂಕವನ್ನು ನಮೂದಿಸುವ ಶಿಸ್ತು.

ಮೈಸೂರಿಗೆ ಆ ಶಿಸ್ತಿನ ಸಾಧನಗಳಿಗೆ ಕೊರತೆಯಿಲ್ಲ. ರೈಸ್ ಅವರ ಕಾಲದಿಂದ ಬಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಿಂದ ಹೊರತಂದ ಪರಿಷ್ಕೃತ ಸಂಪುಟಗಳು, 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹಸ್ತಪ್ರತಿಗಳು, ಸಿ. ಹಯವದನ ರಾಯರು 1943–46ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳ ಮೈಸೂರು ಇತಿಹಾಸ ಇವೆಲ್ಲ ಒಂದೇ ನಗರದ ಗ್ರಂಥಾಲಯಗಳಲ್ಲಿ ಸಿಗುತ್ತವೆ. ಮಾಡಬೇಕಾದ ಕೆಲಸ ದೊಡ್ಡದಲ್ಲ. ಪಟ್ಟಿಯ ಪ್ರತಿಯೊಂದು ಹೆಸರಿನ ಮುಂದೆ ಮೂರು ಸಂಗತಿಗಳನ್ನು ಬರೆಯಬೇಕು: ಈ ವ್ಯಕ್ತಿಯನ್ನು ಹೇಳುವ ಮೊದಲ ದಾಖಲೆ ಯಾವ ವರ್ಷದ್ದು; ಅದಕ್ಕೂ ಆತನ ಕಾಲಕ್ಕೂ ಎಷ್ಟು ಅಂತರ; ಅದನ್ನು ಬರೆಸಿದವರಿಗೆ ಆತನಿಂದ ಏನು ಪ್ರಯೋಜನ. ಇಮ್ಮಡಿ ತಿಮ್ಮರಾಜರ ಹೆಸರು ಈ ಪರೀಕ್ಷೆಯಲ್ಲಿ ನಿಲ್ಲುತ್ತದೆ. ಅವರಿಗಿಂತ ಹಿಂದಿನ ಹೆಸರುಗಳು ‘ಪರಂಪರೆಯಂತೆ’ ಎಂಬ ಒಂದು ಪದವನ್ನು ಬೇಡುತ್ತವೆ. 1399ರ ಮುಂದೆಯೂ ಆ ಪದ ಇರಬೇಕು.

ಆ ಒಂದು ಪದದಿಂದ ಮೈಸೂರು ಅರಸರ ಕೀರ್ತಿಗೆ ಯಾವ ಕುಂದೂ ಇಲ್ಲ. ಕೆಲವೇ ಹಳ್ಳಿಗಳಿಂದ ಹೊರಟು ನಾಡನ್ನು ಕಟ್ಟಿದ ಮನೆತನದ ನಿಜವಾದ ಹಿರಿಮೆ ಆ ಏರಿಕೆಯಲ್ಲಿದೆ, ದ್ವಾರಕೆಯಲ್ಲಿಲ್ಲ. ಜಗನ್ಮೋಹನ ಅರಮನೆಯ ಗೋಡೆಯ ಮೇಲಿನ ತಾವರೆ ಹಾಗೆಯೇ ಇರಲಿ. ಅದು ಒಂದು ಕಾಲದ ಮನಸ್ಸನ್ನು ತೋರಿಸುವ ದಾಖಲೆ. ಆದರೆ ಅದನ್ನು ಪುಸ್ತಕಕ್ಕೆ ಇಳಿಸುವ ವಿದ್ಯಾರ್ಥಿ ಮೊದಲ ಕೆಲವು ದಳಗಳನ್ನು ತುಸು ಮಸುಕಾಗಿಯೇ ಬರೆಯಲಿ. ಅವುಗಳ ಪಕ್ಕದಲ್ಲಿ ಹದಿನಾಡಿನ ಹೆಸರಿಲ್ಲದವರಿಗಾಗಿ ಒಂದಿಷ್ಟು ಜಾಗವನ್ನು ಖಾಲಿ ಬಿಡಲಿ.